ನೀರು, ನಾಣ್ಯ, ನೈಟ್ರೇಟ್: ಅಟಕಾಮಾದ ಹಂಬರ್‌ಸ್ಟೋನ್ ಊರಿನ ಇತಿಹಾಸ

ಚಿಲಿ ದೇಶದ ಉತ್ತರ ಭಾಗದಲ್ಲಿ, ಇಕೀಕೆ ಬಂದರಿನಿಂದ ಪೂರ್ವಕ್ಕೆ ಸುಮಾರು 48 ಕಿಲೋಮೀಟರ್ ಒಳಗೆ, ಅಟಕಾಮಾ ಮರುಭೂಮಿಯ ಬಯಲಿನಲ್ಲಿ ಹಂಬರ್‌ಸ್ಟೋನ್ ಎಂಬ ಊರಿದೆ. 1960ರಲ್ಲಿ ಅಲ್ಲಿನ ಕಾರ್ಖಾನೆ ಮುಚ್ಚಿದ ಮೇಲೆ ಊರು ಖಾಲಿಯಾಯಿತು. ಈಗ ಅದು ಯುನೆಸ್ಕೊ ವಿಶ್ವ ಪರಂಪರೆಯ ತಾಣ. ನೋಡಲು ಬಂದವರಿಗೆ ಮರಗಳಿದ್ದ ಚೌಕ, ಅದರ ಸುತ್ತ ನಾಟಕಶಾಲೆ, ಹೋಟೆಲು, ಚರ್ಚು, ಗಡಿಯಾರವಿರುವ ಮಾರುಕಟ್ಟೆ, ತುಸು ಆಚೆಗೆ ಶಾಲೆ ಮತ್ತು ಕಬ್ಬಿಣದ ಹಲಗೆಗಳಿಂದ ಕಟ್ಟಿದ ಈಜುಕೊಳ ಕಾಣುತ್ತವೆ. ಗೊಬ್ಬರಕ್ಕೂ ಸಿಡಿಮದ್ದಿಗೂ ಬೇಕಾದ ನೈಟ್ರೇಟ್ ಲವಣದ ಗಣಿಗಾರಿಕೆಯಲ್ಲಿ ಹಣ ಹರಿಯುತ್ತಿದ್ದ ದಿನಗಳಲ್ಲಿ ಕಂಪನಿಯವರು ಕೆಲಸಗಾರರಿಗಾಗಿ ಇಷ್ಟೆಲ್ಲ ಮಾಡಿದರೆಂದು ಯಾರಿಗಾದರೂ ಅನ್ನಿಸಬಹುದು. ಆದರೆ ವರ್ಷಗಳನ್ನು ಹೊಂದಿಸಿ ನೋಡಿದರೆ ಲೆಕ್ಕ ತಿರುಗುಮುರುಗಾಗುತ್ತದೆ. ಉದ್ಯಮ ಲಾಭದ ತುತ್ತತುದಿಯಲ್ಲಿದ್ದ 1880ರಿಂದ 1914ರವರೆಗಿನ ಅವಧಿಯಲ್ಲಿ ಈ ಬಯಲಿನ ಕೆಲಸಗಾರರು ತಗಡು ಮತ್ತು ಹಳೆಯ ಗೋಣಿತಟ್ಟುಗಳ ಗುಡಿಸಲುಗಳಲ್ಲಿದ್ದರು. ನಾಟಕಶಾಲೆಯೂ ಈಜುಕೊಳವೂ ಬಂದದ್ದು 1930ರ ದಶಕದಲ್ಲಿ ಮತ್ತು ಅದರ ನಂತರ, ಎಂದರೆ ಜಗತ್ತಿಗೆ ಚಿಲಿಯ ನೈಟ್ರೇಟ್ ಇಲ್ಲದೆಯೂ ನಡೆಯುತ್ತದೆ ಎಂಬುದು ಸ್ಪಷ್ಟವಾದ ಮೇಲೆ. ಈ ಊರಿನ ಇತಿಹಾಸದಲ್ಲಿ ನಿಜವಾಗಿ ವಿವರಣೆ ಬೇಡುವ ಸಂಗತಿ ಇದೇ.

ಮೊದಲು ನೆಲದ ವಿಷಯ. ನೈಟ್ರೇಟ್ ಲವಣಗಳು ನೀರಿನಲ್ಲಿ ಬಹಳ ಸುಲಭವಾಗಿ ಕರಗುತ್ತವೆ. ಮಳೆ ಬೀಳುವ ಯಾವ ಪ್ರದೇಶದಲ್ಲೂ ಅವು ನೆಲದ ಮೇಲ್ಪದರದಲ್ಲಿ ಉಳಿಯುವುದಿಲ್ಲ, ಹೊಳೆ ಸೇರಿ ಕಡಲಿಗೆ ಹೋಗುತ್ತವೆ. ಅಟಕಾಮಾದ ಒಳಬಯಲಿನಲ್ಲಿ ವರ್ಷಗಟ್ಟಲೆ ಅಳೆಯುವಷ್ಟು ಮಳೆಯೇ ಬೀಳದಿರುವುದುಂಟು, ಮತ್ತು ಈ ಒಣಸ್ಥಿತಿ ಲಕ್ಷಾಂತರ ವರ್ಷಗಳಿಂದ ನಡೆದುಬಂದಿದೆ. ವಾತಾವರಣದಿಂದ ಅತಿ ಸಣ್ಣ ಪ್ರಮಾಣದಲ್ಲಿ ಇಳಿದ ನೈಟ್ರೇಟ್, ತೊಳೆದುಹೋಗಲು ನೀರಿಲ್ಲದ್ದರಿಂದ, ಉಪ್ಪು, ಸಲ್ಫೇಟ್, ಅಯೋಡಿನ್ ಸಂಯುಕ್ತಗಳ ಜೊತೆ ಬೆರೆತು ಮಣ್ಣನ್ನು ಗಟ್ಟಿಯಾಗಿ ಕಚ್ಚಿಕೊಂಡಿತು. ಮೇಲ್ಮೈಯಿಂದ ಕೆಲವೇ ಅಡಿ ಕೆಳಗೆ ಸಿಗುವ ಈ ಗಟ್ಟಿ ಪದರಕ್ಕೆ ಕಲಿಚೆ ಎನ್ನುತ್ತಾರೆ. ಆಳವಾದ ಸುರಂಗಗಳಾಗಲಿ ಪಾತಾಳದ ಬಾವಿಗಳಾಗಲಿ ಇಲ್ಲಿ ಬೇಕಾಗಿರಲಿಲ್ಲ. ಬಯಲಿನಲ್ಲಿ ಗುಂಡಿ ತೋಡಿ, ಮದ್ದು ತುಂಬಿ, ಪದರವನ್ನು ಸಿಡಿಸಿ, ಹೆಂಟೆಗಳನ್ನು ಆರಿಸಿಕೊಂಡರೆ ಆಯಿತು. ಆ ಜಾಗದ ಸರಕು ಮುಗಿದ ಮೇಲೆ ಮುಂದಿನ ಜಾಗಕ್ಕೆ ಸರಿಯಬೇಕು. ಹಾಗಾಗಿ ನೈಟ್ರೇಟ್ ಗಣಿಗಾರಿಕೆಯ ಗುರುತಾಗಿ ಉಳಿದಿರುವುದು ಆಳದ ಕುಳಿಗಳಲ್ಲ, ಹರಡಿಕೊಂಡು ಮಗುಚಿಬಿದ್ದ ನೂರಾರು ಚದರ ಕಿಲೋಮೀಟರ್ ನೆಲ.

ಈ ಲವಣಕ್ಕೆ ಎರಡು ಕಡೆಯಿಂದ ಬೇಡಿಕೆ ಬಂತು. ಸಿಡಿಮದ್ದಿಗೆ ಬೇಕಾದ ಪೊಟ್ಯಾಸಿಯಂ ನೈಟ್ರೇಟನ್ನು, ನಾವು ಪೆಟ್ಲುಪ್ಪು ಎನ್ನುವುದನ್ನು, ಯುರೋಪಿನವರು ಬಹುಕಾಲ ಬಿಹಾರದಿಂದ ತರಿಸಿಕೊಳ್ಳುತ್ತಿದ್ದರು. ಚಿಲಿಯದು ಸೋಡಿಯಂ ನೈಟ್ರೇಟ್. ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಅದು ನೇರವಾಗಿ ಕರಿಮದ್ದಿಗೆ ಒಗ್ಗುವುದಿಲ್ಲ. ಆದರೆ ಅದನ್ನು ಪೊಟ್ಯಾಸಿಯಂ ಲವಣದೊಂದಿಗೆ ಬೆರೆಸಿ ಪೆಟ್ಲುಪ್ಪಾಗಿ ಮಾರ್ಪಡಿಸಬಹುದಿತ್ತು, ಅದರಿಂದ ನೈಟ್ರಿಕ್ ಆಮ್ಲವನ್ನೂ, ಆ ಮೂಲಕ ಹೊಸ ಕಾಲದ ಸ್ಫೋಟಕಗಳನ್ನೂ ತಯಾರಿಸಬಹುದಿತ್ತು. ಇದಕ್ಕಿಂತ ದೊಡ್ಡ ಬೇಡಿಕೆ ಹೊಲಗಳಿಂದ ಬಂತು. 19ನೆಯ ಶತಮಾನದ ನಡುವಿನಲ್ಲಿ ಪೆರುವಿನ ದ್ವೀಪಗಳ ಹಕ್ಕಿಹಿಕ್ಕೆಯ ಗೊಬ್ಬರಕ್ಕೆ ಒಗ್ಗಿಕೊಂಡಿದ್ದ ಯುರೋಪಿನ ರೈತರು, ಆ ರಾಶಿಗಳು ಕರಗುತ್ತ ಬಂದಂತೆ, ಬೆಳೆಗೆ ಸಾರಜನಕ ಒದಗಿಸುವ ಇನ್ನೊಂದು ಮೂಲವಾಗಿ ಈ ಬಿಳಿ ಲವಣದತ್ತ ತಿರುಗಿದರು. ಜರ್ಮನಿಯ ಬೀಟ್‌ರೂಟ್ ಸಕ್ಕರೆಯ ಬೆಳೆಗೆ ಅದು ವಿಶೇಷವಾಗಿ ಬೇಕಾಗಿತ್ತು. 1898ರಲ್ಲಿ ರಸಾಯನವಿಜ್ಞಾನಿ ವಿಲಿಯಂ ಕ್ರೂಕ್ಸ್ ಬ್ರಿಸ್ಟಲ್ ನಗರದಲ್ಲಿ ಮಾಡಿದ ಭಾಷಣದಲ್ಲಿ, ಚಿಲಿಯ ನೈಟ್ರೇಟ್ ಒಂದು ದಿನ ಮುಗಿಯುತ್ತದೆ, ಅಷ್ಟರೊಳಗೆ ಗಾಳಿಯಲ್ಲಿರುವ ಸಾರಜನಕವನ್ನು ಹಿಡಿಯುವ ದಾರಿ ಹುಡುಕದಿದ್ದರೆ ಗೋಧಿ ತಿನ್ನುವ ಜನ ಹಸಿಯಬೇಕಾಗುತ್ತದೆ ಎಂದು ಎಚ್ಚರಿಸಿದರು. ಆ ಮಾತು ಯುರೋಪಿಗೆ ಎಚ್ಚರಿಕೆಯಾಗಿ ಕೇಳಿಸಿತು. ಅಟಕಾಮಾದ ಮಟ್ಟಿಗೆ ಅದರಲ್ಲಿ ಮರಣಶಾಸನವೇ ಅಡಗಿತ್ತು.

ಕಲಿಚೆಯಿಂದ ಶುದ್ಧ ನೈಟ್ರೇಟ್ ತೆಗೆಯುವ ವಿಧಾನವನ್ನು ತಿಳಿದುಕೊಳ್ಳದೆ ಊರಿನ ರಚನೆ ಅರ್ಥವಾಗುವುದಿಲ್ಲ. ಕಲಿಚೆಯಲ್ಲಿ ನೈಟ್ರೇಟ್ ಜೊತೆಗೆ ಸಾಮಾನ್ಯ ಉಪ್ಪೂ ಧಾರಾಳವಾಗಿರುತ್ತದೆ, ಎರಡೂ ನೀರಿನಲ್ಲಿ ಕರಗುತ್ತವೆ. ಆದರೆ ಕರಗುವ ರೀತಿಯಲ್ಲಿ ವ್ಯತ್ಯಾಸವಿದೆ. 100 ಗ್ರಾಂ ತಣ್ಣನೆಯ ನೀರಿನಲ್ಲಿ, 0 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸುಮಾರು 73 ಗ್ರಾಂ ಸೋಡಿಯಂ ನೈಟ್ರೇಟ್ ಕರಗಿದರೆ, ಕುದಿಯುವ ನೀರಿನಲ್ಲಿ ಅದು 180 ಗ್ರಾಂ ಹತ್ತಿರ ಹೋಗುತ್ತದೆ. ಸಾಮಾನ್ಯ ಉಪ್ಪು ತಣ್ಣೀರಿನಲ್ಲಿ ಸುಮಾರು 36 ಗ್ರಾಂ, ಕುದಿನೀರಿನಲ್ಲಿ 39 ಗ್ರಾಂ. ಬಿಸಿ ಏರಿದರೂ ಅದಕ್ಕೆ ಹೆಚ್ಚುಕಡಿಮೆಯಿಲ್ಲ. ಎಂದರೆ ಒಡೆದ ಕಲಿಚೆಯನ್ನು ಕುದಿಯುವ ದ್ರಾವಣದಲ್ಲಿ ನೆನೆಸಿದರೆ ನೈಟ್ರೇಟ್ ಹೇರಳವಾಗಿ ಕರಗಿ ಬರುತ್ತದೆ, ಉಪ್ಪಿನ ಬಹುಪಾಲು ಮಡ್ಡಿಯಲ್ಲೇ ಉಳಿಯುತ್ತದೆ. ಆ ದ್ರಾವಣವನ್ನು ಅಗಲವಾದ ತೊಟ್ಟಿಗಳಿಗೆ ಹರಿಸಿ ಆರಲು ಬಿಟ್ಟರೆ, ಸಕ್ಕರೆಯ ಪಾಕದಿಂದ ಕಲ್ಲುಸಕ್ಕರೆ ಕಟ್ಟುವಂತೆ, ನೈಟ್ರೇಟ್ ಹರಳುಗಟ್ಟಿ ತಳಕ್ಕೆ ಕೂರುತ್ತದೆ. ಉಳಿದ ನೀರನ್ನು ಎಸೆಯುವುದಿಲ್ಲ. ಅದನ್ನೇ ಮತ್ತೆ ಮುಂದಿನ ಕುದಿಗೆ ಬಳಸುತ್ತಾರೆ, ಅದರಿಂದಲೇ ಅಯೋಡಿನ್ ಕೂಡ ತೆಗೆಯುತ್ತಾರೆ.

ಈ ಕೆಲಸವನ್ನು ಹಳೆಯ ಕಾಲದಲ್ಲಿ ಬಯಲಿನ ಕಡಾಯಿಗಳಲ್ಲಿ, ಸುತ್ತಮುತ್ತ ಬೆಳೆಯುತ್ತಿದ್ದ ತಮರುಗೊ ಮರಗಳನ್ನು ಕಡಿದು ಉರಿಸಿ ಮಾಡುತ್ತಿದ್ದರು. ಇಂಗ್ಲೆಂಡಿನ ಡೋವರ್‌ನಲ್ಲಿ 1850ರಲ್ಲಿ ಹುಟ್ಟಿ, 1875ರಲ್ಲಿ ಆಗ ಪೆರುವಿಗೆ ಸೇರಿದ್ದ ಈ ಕರಾವಳಿಗೆ ಬಂದಿಳಿದ ಜೇಮ್ಸ್ ಥಾಮಸ್ ಹಂಬರ್‌ಸ್ಟೋನ್ ಎಂಬ ರಸಾಯನಜ್ಞ, ಇಂಗ್ಲೆಂಡಿನ ಸೋಡಾ ಕಾರ್ಖಾನೆಗಳಲ್ಲಿ ಬಳಕೆಯಲ್ಲಿದ್ದ ಷ್ಯಾಂಕ್ಸ್ ವಿಧಾನವನ್ನು ಕಲಿಚೆಗೆ ಹೊಂದಿಸಿದ. ದೊಡ್ಡ ಉಕ್ಕಿನ ತೊಟ್ಟಿಗಳನ್ನು ಸಾಲಾಗಿ ನಿಲ್ಲಿಸಿ, ಒಳಗೆ ಹಬೆಯ ಕೊಳವೆಗಳನ್ನು ಹಾಯಿಸಿ, ದ್ರಾವಣವನ್ನು ಒಂದು ತೊಟ್ಟಿಯಿಂದ ಮುಂದಿನದಕ್ಕೆ ಹರಿಸುತ್ತ ಹೋಗುವುದು ಅದರ ತಿರುಳು. ಇದರಿಂದ ಕಡಿಮೆ ನೈಟ್ರೇಟ್ ಇರುವ ಕಲಿಚೆಯೂ ಲಾಭ ತರತೊಡಗಿತು, ಇಂಧನ ಉಳಿಯಿತು. ಆದರೆ ಬಾಯ್ಲರುಗಳು, ಚೂರು ಮಾಡುವ ಯಂತ್ರಗಳು, ರೈಲು ಹಳಿ, ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುವ ಕಲ್ಲಿದ್ದಲು ಇವೆಲ್ಲ ಸಣ್ಣ ಬಂಡವಾಳದವರ ಕೈಗೆ ಎಟಕುವಂಥವಲ್ಲ. ಹೀಗೆ ಚದುರಿದ ಕಡಾಯಿಗಳ ಜಾಗದಲ್ಲಿ ಒಫಿಸಿನಾ ಎಂದು ಕರೆಯಲಾಗುವ ಘಟಕಗಳು ಎದ್ದವು: ನಡುವೆ ಕಾರ್ಖಾನೆ, ಒಂದು ಪಕ್ಕ ಎಂಜಲು ಮಡ್ಡಿಯ ಗುಡ್ಡ, ಇನ್ನೊಂದು ಪಕ್ಕ ಜನವಸತಿ, ಸುತ್ತ ಹತ್ತಾರು ಕಿಲೋಮೀಟರ್ ಬಯಲು. ಇಂದಿನ ಹಂಬರ್‌ಸ್ಟೋನ್ ಆಗ ಲಾ ಪಾಲ್ಮಾ ಎಂಬ ಹೆಸರಿನ ಒಫಿಸಿನಾ ಆಗಿತ್ತು; ಒಂದೆರಡು ಕಿಲೋಮೀಟರ್ ಅಂತರದಲ್ಲಿ ಸಾಂಟಾ ಲೌರಾ ಎಂಬ ಇನ್ನೊಂದು ಇತ್ತು. ಎರಡೂ ಪೆರುವಿನ ಆಡಳಿತವಿದ್ದಾಗಲೇ ಆರಂಭವಾದವು.

ಇವು ಚಿಲಿಯ ಪಾಲಾದದ್ದು ಯುದ್ಧದಿಂದ. ಆಗ ಅಂಟೊಫಗಾಸ್ಟಾ ಪ್ರದೇಶ ಬೊಲಿವಿಯಾದ್ದು, ಅದರ ಉತ್ತರದ ತರಪಕಾ ಪೆರುವಿನದು. ಎರಡೂ ಕಡೆ ಬಂಡವಾಳ ಮತ್ತು ಕೂಲಿಯಾಳುಗಳಲ್ಲಿ ಚಿಲಿಯವರದ್ದೂ ಬ್ರಿಟಿಷರದ್ದೂ ದೊಡ್ಡ ಪಾಲು. 1878ರಲ್ಲಿ ಬೊಲಿವಿಯಾ, ಚಿಲಿಯ ಕಂಪನಿಯೊಂದು ರಫ್ತು ಮಾಡುವ ಪ್ರತಿ ಕ್ವಿಂಟಲ್ ನೈಟ್ರೇಟ್ ಮೇಲೆ 10 ಸೆಂಟಾವೊ ತೆರಿಗೆ ಹಾಕಿತು. ಕಂಪನಿ ಕೊಡಲೊಪ್ಪಲಿಲ್ಲ, ಬೊಲಿವಿಯಾ ಆಸ್ತಿ ಹರಾಜಿಗೆ ಮುಂದಾಯಿತು, 1879ರಲ್ಲಿ ಚಿಲಿಯ ಸೇನೆ ಅಂಟೊಫಗಾಸ್ಟಾದಲ್ಲಿ ಇಳಿಯಿತು. ಬೊಲಿವಿಯಾದೊಂದಿಗೆ ರಹಸ್ಯ ಒಪ್ಪಂದವಿದ್ದ ಪೆರುವೂ ಯುದ್ಧಕ್ಕೆ ಬಂತು. 1883ರ ಆಂಕೋನ್ ಒಪ್ಪಂದದ ಪ್ರಕಾರ ತರಪಕಾ ಚಿಲಿಗೆ ಸೇರಿತು; ಬೊಲಿವಿಯಾ ಕೂಡ ಈ ಯುದ್ಧದಲ್ಲಿ ತನ್ನ ಕಡಲತೀರವನ್ನೇ ಕಳೆದುಕೊಂಡಿತು. ಇದರ ನಡುವೆ ನಡೆದ ಒಂದು ವ್ಯವಹಾರ ಯುದ್ಧದಷ್ಟೇ ಪರಿಣಾಮಕಾರಿಯಾಗಿತ್ತು. ಪೆರು ಸರ್ಕಾರ 1875ರಲ್ಲಿ ಒಫಿಸಿನಾಗಳನ್ನು ವಶಪಡಿಸಿಕೊಂಡಾಗ ಮಾಲೀಕರಿಗೆ ನಗದಿನ ಬದಲು, ಮುಂದೆ ಹಣ ಕೊಡುವ ಭರವಸೆಯ ಪತ್ರಗಳನ್ನು ಕೊಟ್ಟಿತ್ತು. ಯುದ್ಧದ ಗದ್ದಲದಲ್ಲಿ ಆ ಪತ್ರಗಳ ಬೆಲೆ ಕುಸಿಯಿತು. ಜಾನ್ ಥಾಮಸ್ ನಾರ್ತ್ ಎಂಬ ಇಂಗ್ಲಿಷ್ ವ್ಯಾಪಾರಿ ಮತ್ತು ಅವನ ಜೊತೆಗಾರರು ಅವನ್ನು ಅಗ್ಗದಲ್ಲಿ ಕೊಂಡು ಕೂಡಿಹಾಕಿದರು, ಅದಕ್ಕೆ ಬೇಕಾದ ಸಾಲ ಕೂಡ ಚಿಲಿಯ ಬ್ಯಾಂಕಿನಿಂದಲೇ ಸಿಕ್ಕಿತು. ಗೆದ್ದ ಚಿಲಿ, ಪತ್ರ ಇದ್ದವರಿಗೇ ಒಫಿಸಿನಾ ಎಂದು ತೀರ್ಮಾನಿಸಿತು. ಚಿಲಿಯ ಸೈನಿಕರು ಗೆದ್ದ ನೆಲದ ದೊಡ್ಡ ಭಾಗ ಹೀಗೆ ಲಂಡನ್ನಿನ ಷೇರು ಮಾರುಕಟ್ಟೆಗೆ ಹೋಯಿತು. ನಾರ್ತ್ ಅಷ್ಟಕ್ಕೇ ನಿಲ್ಲದೆ ನೈಟ್ರೇಟ್ ಸಾಗಿಸುವ ರೈಲು ಕಂಪನಿಯಲ್ಲೂ, ಇಕೀಕೆಗೆ ಕುಡಿಯುವ ನೀರು ಪೂರೈಸುವ ಕಂಪನಿಯಲ್ಲೂ ಹಿಡಿತ ಸಾಧಿಸಿದ. ಮರುಭೂಮಿಯಲ್ಲಿ ಅದಿರಿಗಿಂತ ನೀರು ಮತ್ತು ದಾರಿ ಲಾಭದಾಯಕವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಚಿಲಿ ಸರ್ಕಾರ ರಫ್ತು ಸುಂಕದಲ್ಲಿ ತೃಪ್ತಿಪಟ್ಟುಕೊಂಡಿತು, ಅದೂ ಸಣ್ಣದೇನಲ್ಲ: ಮುಂದಿನ ಮೂರು ದಶಕಗಳ ಕಾಲ ದೇಶದ ವರಮಾನದ ಸುಮಾರು ಅರ್ಧ ಭಾಗ ನೈಟ್ರೇಟಿನಿಂದಲೇ ಬಂತು. ಸಂಬಳ ಕೊಡುವ ಕಂಪನಿಗೂ ಸುಂಕ ಎತ್ತುವ ಸರ್ಕಾರಕ್ಕೂ ಒಂದೇ ಚಿಂತೆ, ರಫ್ತು ನಿಲ್ಲಬಾರದು. ಮುಂದೆ ಬರುವ 1907ರ ಮುಷ್ಕರದ ಸಂಗತಿಯನ್ನು ಓದುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು.

ಒಫಿಸಿನಾದಲ್ಲಿ ಕಂಪನಿಯ ಅಧಿಕಾರ ಬಂದೂಕಿನಿಂದಾಗಲಿ ಕಾನೂನಿನಿಂದಾಗಲಿ ಮೊದಲಾಗುವುದಿಲ್ಲ. ಅಲ್ಲಿ ಏನೂ ಬೆಳೆಯುವುದಿಲ್ಲ, ಏನೂ ಹರಿಯುವುದಿಲ್ಲ ಎಂಬ ಸರಳ ಸಂಗತಿಯಿಂದ ಅದು ಮೊದಲಾಗುತ್ತದೆ. ಹಿಟ್ಟು, ಅವರೆಕಾಳು, ಒಣಮಾಂಸ, ಬಟ್ಟೆ, ಸೀಮೆಎಣ್ಣೆ, ಮನೆಗೆ ಬೇಕಾದ ಆರಿಗಾನ್ ಪೈನ್ ಮರ, ಹೇಸರಗತ್ತೆಗಳಿಗೆ ಹುಲ್ಲು ಎಲ್ಲವೂ ಹೊರಗಿನಿಂದ, ಬಹುಮಟ್ಟಿಗೆ ಕಡಲ ಮಾರ್ಗದಲ್ಲಿ ಬರಬೇಕು. ಅವು ಇಳಿಯುವ ರೈಲು ನಿಲ್ದಾಣ ಕಂಪನಿಯದು, ಉಗ್ರಾಣ ಕಂಪನಿಯದು. ನೀರನ್ನು ತಮರುಗಾಲ್ ಬಯಲಿನ ಬಾವಿಗಳಿಂದ ಎತ್ತುವ ಪಂಪು ಕೂಡ ಕಂಪನಿಯದು. ಹಗಲು ಸುಡುವ ಬಿಸಿಲು, ರಾತ್ರಿ ಕೊರೆಯುವ ಚಳಿ, ಬೆಳಗಿನ ಜಾವ ಕಡಲ ಕಡೆಯಿಂದ ಹಬ್ಬುವ ಕಮಂಚಾಕಾ ಎಂಬ ದಟ್ಟ ಮಂಜು ಇರುವಲ್ಲಿ ತಲೆಯ ಮೇಲೊಂದು ಸೂರಿಲ್ಲದೆ ಬದುಕಲಾಗುವುದಿಲ್ಲ, ಆ ಸೂರೂ ಕಂಪನಿಯದೇ. ಕೆಲಸ ಬಿಟ್ಟವನು ಮನೆಯನ್ನೂ ಬಿಡಬೇಕು, ಮನೆ ಬಿಟ್ಟವನಿಗೆ ಇನ್ನೊಂದು ಒಫಿಸಿನಾದವರೆಗೆ ನಡೆಯುವುದೊಂದೇ ದಾರಿ. ಹಸಿರು ನಾಡಿನ ಗಣಿ ಊರಿನಲ್ಲಿ ಸುತ್ತಲಿನ ಹಳ್ಳಿಗಳ ಸಂತೆಯೂ, ಬಂಧುಗಳ ಹೊಲವೂ ಕೆಲಸಗಾರನ ಬೆನ್ನಿಗಿರುತ್ತವೆ. ಇಲ್ಲಿ ಅಂಥದ್ದೇನೂ ಇರಲಿಲ್ಲ.

ಈ ಅವಲಂಬನೆಗೆ ಲೆಕ್ಕದ ರೂಪ ಕೊಟ್ಟದ್ದು ಫಿಚಾ ಎಂಬ ಬಿಲ್ಲೆ. ಎಬೊನೈಟ್ ಎಂಬ ಗಟ್ಟಿ ರಬ್ಬರ್ ಅಥವಾ ಹಿತ್ತಾಳೆಯಲ್ಲಿ ಮಾಡಿದ, ಒಫಿಸಿನಾದ ಹೆಸರು ಮತ್ತು ಬೆಲೆ ಕೊರೆದ ಈ ಬಿಲ್ಲೆಗಳಲ್ಲಿ ಕೂಲಿ ಕೊಡುತ್ತಿದ್ದರು. ಬಂದರಿನಿಂದ ನಾಣ್ಯ ಹೊತ್ತು ತರುವುದು ಕಷ್ಟ ಮತ್ತು ಅಪಾಯ, ಚಿಲ್ಲರೆಯ ಅಭಾವ ಬೇರೆ ಎಂಬುದು ಕಂಪನಿಗಳ ಸಮರ್ಥನೆ, ಮತ್ತು ಆರಂಭದ ದಿನಗಳ ಮಟ್ಟಿಗೆ ಅದರಲ್ಲಿ ನಿಜವೂ ಇರಬಹುದು. ಆದರೆ ಬಿಲ್ಲೆ ಮಾಡುತ್ತಿದ್ದ ಕೆಲಸ ಅದಕ್ಕಿಂತ ಬಹಳ ಹೆಚ್ಚಿನದು. ಒಂದು ಒಫಿಸಿನಾದ ಬಿಲ್ಲೆ ಅದೇ ಒಫಿಸಿನಾದ ಪುಲ್ಪೆರಿಯಾದಲ್ಲಿ, ಅಂದರೆ ಕಂಪನಿ ಅಂಗಡಿಯಲ್ಲಿ, ಮಾತ್ರ ಪೂರ್ಣ ಬೆಲೆಗೆ ನಡೆಯುತ್ತಿತ್ತು. ಅಲ್ಲಿ ಸರಕಿನ ದರ ನಿಗದಿ ಮಾಡುವುದು ಕಂಪನಿ, ತೂಕ ಹಾಕುವುದು ಕಂಪನಿ. ಬಿಲ್ಲೆಗಳನ್ನು ನಗದಾಗಿಸಿ ಊರಿಗೆ ಹಣ ಕಳಿಸಬೇಕೆಂದವನಿಗೆ ವಟ್ಟ ಕಡಿದು ಕೊಡುತ್ತಿದ್ದರು, ಕೆಲವೆಡೆ ಆ ವಟ್ಟ ಶೇಕಡಾ 30ರವರೆಗೂ ಹೋಗುತ್ತಿತ್ತು. ಹೊರಗಿನ ವ್ಯಾಪಾರಿಗಳು ಒಫಿಸಿನಾದೊಳಗೆ ಬಂದು ಮಾರದಂತೆ ಕಾವಲಿರುತ್ತಿತ್ತು. ಹಾಗಾಗಿ ಒಂದು ತಿಂಗಳ ಕೂಲಿಯೆಂದು ಕಂಪನಿಯ ಪುಸ್ತಕದಲ್ಲಿ ಬರೆದ ಮೊತ್ತದ ಒಂದು ಭಾಗ ಅಂಗಡಿಯ ಲಾಭವಾಗಿ ಅದೇ ಕಂಪನಿಗೆ ಮರಳಿ ಬರುತ್ತಿತ್ತು; ನೈಟ್ರೇಟ್ ಬೆಲೆ ಇಳಿದ ವರ್ಷಗಳಲ್ಲಿ ಈ ಅಂಗಡಿಯ ಲಾಭವೇ ಲೆಕ್ಕವನ್ನು ಸರಿದೂಗಿಸುತ್ತಿತ್ತು. ಕೂಲಿಯ ಅಂಕಿ ಮುಟ್ಟದೆ ಕೂಲಿ ಇಳಿಸುವ ಉಪಾಯ ಎಂದರೂ ತಪ್ಪಾಗದು, ಏಕೆಂದರೆ ಅಂಗಡಿಯ ದರ ಸ್ವಲ್ಪ ಏರಿಸಿದರೆ ಸಾಕು, ಪುಸ್ತಕದ ಕೂಲಿ ಹಾಗೇ ಇದ್ದು ನಿಜವಾದ ಕೂಲಿ ಕುಗ್ಗುತ್ತಿತ್ತು.

ಕೆಲಸಗಾರರನ್ನು ಕರೆತರುವ ಪದ್ಧತಿಗೂ ಒಂದು ಹೆಸರಿತ್ತು, ಎಂಗಾಂಚೆ. ಮಧ್ಯ ಮತ್ತು ದಕ್ಷಿಣ ಚಿಲಿಯ ಹಳ್ಳಿಗಳಿಗೆ ಏಜೆಂಟರು ಹೋಗಿ, ಉತ್ತರದಲ್ಲಿ ಸಿಗುವ ದೊಡ್ಡ ಕೂಲಿಯ ಮಾತಾಡಿ, ಹಡಗಿನ ಖರ್ಚು ತಾವೇ ಕೊಟ್ಟು ಕುಟುಂಬಗಳನ್ನೇ ಸಾಗಿಸುತ್ತಿದ್ದರು; ಪೆರು ಮತ್ತು ಬೊಲಿವಿಯಾದಿಂದಲೂ ಜನ ಬರುತ್ತಿದ್ದರು. ಕೂಲಿಯ ಅಂಕಿ ಹಳ್ಳಿಯದಕ್ಕಿಂತ ಹೆಚ್ಚೆಂಬುದು ಸುಳ್ಳಲ್ಲ, ಜನ ಹೋದದ್ದೂ ಅದಕ್ಕೇ. ಕೆಲಸ ಹಂಚಿಕೆಯಾಗಿದ್ದ ರೀತಿ ನೋಡಿದರೆ ಉದ್ಯಮದ ಕ್ರಮ ತಿಳಿಯುತ್ತದೆ. ಮದ್ದು ತುಂಬುವ ಕಿರಿದಾದ ಗುಂಡಿಯೊಳಗೆ ಇಳಿದು ತಳವನ್ನು ಅಗಲಿಸುವ ಕೆಲಸಕ್ಕೆ ತೆಳ್ಳಗಿನ ಹುಡುಗರನ್ನು ಬಳಸುತ್ತಿದ್ದರು. ಕಲಿಚೆ ಒಡೆಯುವವರಿಗೆ ಗಾಡಿಯ ಲೆಕ್ಕದಲ್ಲಿ ಕೂಲಿ. ಮೇಲ್ವಿಚಾರಕ ಸರಕು ಕಳಪೆ ಎಂದುಬಿಟ್ಟರೆ ಆ ಗಾಡಿಗೆ ಕೂಲಿಯಿಲ್ಲ, ಆದರೆ ಹಾಗೆ ತಿರಸ್ಕರಿಸಿದ ಸರಕು ಕೊನೆಗೆ ಕಾರ್ಖಾನೆಗೇ ಹೋಗುತ್ತಿತ್ತೆಂಬುದು ಕೆಲಸಗಾರರ ದೂರು. ಎಲ್ಲಕ್ಕಿಂತ ಕಠಿಣವಾದದ್ದು ಕುದಿತೊಟ್ಟಿಯ ಮಡ್ಡಿ ತೆಗೆಯುವವರದು. ದ್ರಾವಣ ಬಸಿದ ಕೂಡಲೇ, ಇನ್ನೂ ಹಬೆಯಾಡುವ ತೊಟ್ಟಿಯೊಳಗೆ ಅರೆಬೆತ್ತಲೆಯಾಗಿ ಇಳಿದು ಸಲಿಕೆಯಿಂದ ರಿಪಿಯೊ ಎಂಬ ಆ ಕೆಸರನ್ನು ಕೆಳಗಿನ ಬಾಗಿಲಿನಿಂದ ಹೊರಹಾಕಬೇಕು. ತೊಟ್ಟಿಗಳ ಬಾಯಿಗೆ ಜಾಲರಿಯಿರಲಿಲ್ಲ. ಕಾಲು ಜಾರಿದವನು ಕುದಿಯುವ ದ್ರಾವಣದೊಳಕ್ಕೇ ಬೀಳುತ್ತಿದ್ದ.

1907ರ ಡಿಸೆಂಬರಿನಲ್ಲಿ ನಡೆದ ಮುಷ್ಕರದ ಬೇಡಿಕೆಗಳನ್ನು ಓದಿದರೆ ಇಲ್ಲಿಯವರೆಗೆ ಹೇಳಿದ ವ್ಯವಸ್ಥೆಯ ಒಂದೊಂದು ಕೀಲೂ ಅದರಲ್ಲಿ ಸಿಗುತ್ತದೆ. ಚಿಲಿಯ ಕಾಗದದ ಪೆಸೊ ಬೆಲೆ ಕಳೆದುಕೊಳ್ಳುತ್ತಿದ್ದುದರಿಂದ ಕೂಲಿಯನ್ನು ಒಂದು ಪೆಸೊಗೆ 18 ಬ್ರಿಟಿಷ್ ಪೆನ್ಸ್ ಎಂಬ ವಿನಿಮಯ ದರದಲ್ಲಿ ಕೊಡಬೇಕು. ಬಿಲ್ಲೆಗಳನ್ನು ವಟ್ಟವಿಲ್ಲದೆ ಬದಲಾಯಿಸಬೇಕು. ಹೊರಗಿನವರಿಗೆ ಒಫಿಸಿನಾದೊಳಗೆ ವ್ಯಾಪಾರ ಮಾಡಲು ಬಿಡಬೇಕು. ಕೊಂಡ ಸರಕನ್ನು ಪರೀಕ್ಷಿಸಲು ಪುಲ್ಪೆರಿಯಾದ ಹೊರಗೆ ಒಂದು ತಕ್ಕಡಿ ಇಡಬೇಕು. ಕುದಿತೊಟ್ಟಿಗಳಿಗೆ ಕಬ್ಬಿಣದ ಜಾಲರಿ ಹಾಕಬೇಕು. ರಾತ್ರಿ ಶಾಲೆಗೆ ಜಾಗ ಕೊಡಬೇಕು. ಕ್ರಾಂತಿಯ ಘೋಷಣೆ ಇದರಲ್ಲಿ ಒಂದೂ ಇಲ್ಲ. ಸಾನ್ ಲೊರೆಂಜೊ ಒಫಿಸಿನಾದಲ್ಲಿ ಆರಂಭವಾದ ಮುಷ್ಕರ ಬೇಗನೆ ಬಯಲಿಗೆಲ್ಲ ಹಬ್ಬಿತು, ಸಾವಿರಾರು ಕೆಲಸಗಾರರು ಹೆಂಡತಿಮಕ್ಕಳೊಂದಿಗೆ ಮರುಭೂಮಿಯನ್ನು ನಡೆದು ಇಕೀಕೆಗೆ ಇಳಿದರು. ಅಧಿಕಾರಿಗಳು ಅವರನ್ನು ಸಾಂಟಾ ಮರಿಯಾ ಶಾಲೆಯಲ್ಲಿ ಇಳಿಸಿದರು. ಮೊದಲು ಕೆಲಸಕ್ಕೆ ಮರಳಿ, ಮಾತುಕತೆ ಆಮೇಲೆ ಎಂಬುದು ಕಂಪನಿಗಳ ನಿಲುವು. ಡಿಸೆಂಬರ್ 21ರ ಮಧ್ಯಾಹ್ನ ಜನರಲ್ ರೊಬೆರ್ಟೊ ಸಿಲ್ವಾ ರೆನಾರ್ಡ್ ಶಾಲೆಯನ್ನು ತೆರವು ಮಾಡಲು ಆಜ್ಞಾಪಿಸಿದ. ಪೆರು ಮತ್ತು ಬೊಲಿವಿಯಾದ ಪ್ರತಿನಿಧಿಗಳು ತಮ್ಮ ದೇಶದವರಾದರೂ ಹೊರಬರಲೆಂದು ಕೇಳಿಕೊಂಡರು, ಅವರು ಚಿಲಿಯ ಜೊತೆಗಾರರನ್ನು ಬಿಟ್ಟು ಬರಲಿಲ್ಲ. ಸೈನಿಕರು ಬಂದೂಕು ಮತ್ತು ಮೆಷಿನ್‌ಗನ್ನುಗಳಿಂದ ಗುಂಡು ಹಾರಿಸಿದರು. ಸತ್ತವರ ಸಂಖ್ಯೆ ಅಧಿಕೃತ ಲೆಕ್ಕದಲ್ಲಿ ನೂರಿಪ್ಪತ್ತರ ಆಸುಪಾಸಿನದು; ಇತರ ಅಂದಾಜುಗಳು 2,000ವನ್ನೂ ದಾಟುತ್ತವೆ. ಬದುಕುಳಿದವರನ್ನು ಮತ್ತೆ ಬಯಲಿಗೆ ಅಟ್ಟಲಾಯಿತು.

ಬೇಡಿಕೆಗಳು ಅಂದು ಈಡೇರಲಿಲ್ಲ, ಆದರೆ ಸುಮ್ಮನೆ ಅಳಿಸಿಹೋಗಲೂ ಇಲ್ಲ. ಮುದ್ರಣ ಕೆಲಸಗಾರನಾಗಿದ್ದ ಲೂಯಿಸ್ ಎಮಿಲಿಯೊ ರೆಕಬಾರೆನ್ 1912ರಲ್ಲಿ ಇಕೀಕೆಯಲ್ಲೇ ಸಮಾಜವಾದಿ ಕಾರ್ಮಿಕ ಪಕ್ಷವನ್ನು ಕಟ್ಟಿದ. ಚಿಲಿಯ ಎಡಪಂಥೀಯ ರಾಜಕಾರಣದ ಬೇರು ಈ ನೈಟ್ರೇಟ್ ಬಯಲಿನಲ್ಲಿದೆ. 1924ರಲ್ಲಿ ಸಂಸತ್ತು ಕೆಲವೇ ಗಂಟೆಗಳಲ್ಲಿ, ಸೇನಾಧಿಕಾರಿಗಳ ಒತ್ತಡದಡಿ, ಒಂದು ಕಂತೆ ಕಾರ್ಮಿಕ ಕಾನೂನುಗಳನ್ನು ಅಂಗೀಕರಿಸಿತು. ಕೂಲಿಯನ್ನು ದೇಶದ ನಾಣ್ಯದಲ್ಲೇ ಕೊಡಬೇಕೆಂಬುದು ಅವುಗಳಲ್ಲೊಂದು. ಅಲ್ಲಿಂದಾಚೆಗೆ ಫಿಚಾ ಕಾನೂನಿನ ಕಣ್ಣಿಗೆ ಕೂಲಿಯಾಗಿ ಉಳಿಯಲಿಲ್ಲ.

ಆದರೆ ಅಷ್ಟರಲ್ಲಿ ಉದ್ಯಮದ ಅಡಿಪಾಯವೇ ಕಳಚಿತ್ತು. ಕ್ರೂಕ್ಸ್ ಎತ್ತಿದ್ದ ಸವಾಲಿಗೆ 1909ರಲ್ಲಿ ಜರ್ಮನಿಯ ಫ್ರಿಟ್ಸ್ ಹೇಬರ್ ಉತ್ತರ ಕಂಡುಕೊಂಡರು: ಗಾಳಿಯ ಸಾರಜನಕವನ್ನು ಜಲಜನಕದೊಂದಿಗೆ ಅಧಿಕ ಒತ್ತಡ ಮತ್ತು ಶಾಖದಲ್ಲಿ, ವೇಗವರ್ಧಕವೊಂದರ ಸಹಾಯದಿಂದ, ಅಮೋನಿಯಾ ಆಗಿಸುವುದು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಪ್ರಮಾಣಕ್ಕೆ ಬೆಳೆಸಿದರು, 1913ರಲ್ಲಿ ಒಪ್ಪೌ ಎಂಬಲ್ಲಿ ಬಿಎಎಸ್‌ಎಫ್ ಕಂಪನಿಯ ಘಟಕ ಕೆಲಸ ಶುರುಮಾಡಿತು. ಆ ವರ್ಷ ಚಿಲಿ 25 ಲಕ್ಷ ಟನ್‌ಗೂ ಹೆಚ್ಚು ನೈಟ್ರೇಟ್ ರಫ್ತು ಮಾಡಿತ್ತು, ಅದರ ದೊಡ್ಡ ಗಿರಾಕಿ ಜರ್ಮನಿಯೇ. ಮರುವರ್ಷ ಮೊದಲ ಮಹಾಯುದ್ಧ ಬಂತು, ಬ್ರಿಟಿಷ್ ನೌಕಾಪಡೆ ಜರ್ಮನಿಗೆ ಕಡಲ ದಾರಿ ಮುಚ್ಚಿತು. ಸ್ಫೋಟಕ ಮತ್ತು ಗೊಬ್ಬರ ಎರಡಕ್ಕೂ ಜರ್ಮನಿ ಅಮೋನಿಯಾ ಘಟಕಗಳನ್ನೇ ನೆಚ್ಚಬೇಕಾಯಿತು, ಮತ್ತು ಆ ಒತ್ತಡದಲ್ಲಿ ಈ ತಂತ್ರ ಪಕ್ವವಾಯಿತು. ಅತ್ತ ಮಿತ್ರರಾಷ್ಟ್ರಗಳ ಸ್ಫೋಟಕ ಕಾರ್ಖಾನೆಗಳಿಗಾಗಿ ಚಿಲಿ ದಾಖಲೆ ಪ್ರಮಾಣದಲ್ಲಿ ನೈಟ್ರೇಟ್ ಕಳಿಸುತ್ತಿತ್ತು. ಹೀಗಾಗಿ ಬಯಲಿನಲ್ಲಿದ್ದವರಿಗೆ ಆ ವರ್ಷಗಳು ಸುಗ್ಗಿಯಂತೆ ಕಂಡದ್ದು ಆಶ್ಚರ್ಯವಲ್ಲ. ಯುದ್ಧ ಮುಗಿದ ಮೇಲೆ ಕೃತಕ ಗೊಬ್ಬರದ ಘಟಕಗಳು ದೇಶದಿಂದ ದೇಶಕ್ಕೆ ಹರಡಿದವು. 1929ರ ನಂತರದ ಆರ್ಥಿಕ ಕುಸಿತ ಬರುವ ಹೊತ್ತಿಗೆ ಚಿಲಿಯ ನೈಟ್ರೇಟ್ ಮಾರುಕಟ್ಟೆಯ ಒಡೆಯನ ಸ್ಥಾನದಿಂದ ಸಣ್ಣ ಪಾಲುದಾರನ ಸ್ಥಾನಕ್ಕೆ ಇಳಿದಿತ್ತು.

ಉಳಿಯಲು ಎರಡು ದಾರಿಗಳನ್ನು ಹುಡುಕಲಾಯಿತು. ಒಂದು ಅಮೆರಿಕದ ಗುಗೆನ್‌ಹೈಮ್ ಸೋದರರದು. ಚುಕಿಕಮಾಟಾ ತಾಮ್ರದ ಗಣಿಯ ಪಾಲನ್ನು 1923ರಲ್ಲಿ ಅನಕೊಂಡಾ ಕಂಪನಿಗೆ ಮಾರಿ, ಅವರು ನೈಟ್ರೇಟಿಗೆ ಕೈಹಾಕಿದರು. ಯಂತ್ರದ ಸಲಿಕೆಗಳಿಂದ ಅಗೆದು, ಕುದಿಸುವ ಬದಲು ಉಗುರುಬೆಚ್ಚಗಿನ ದ್ರಾವಣದಲ್ಲಿ ನೆನೆಸಿ, ಶೀತಕ ಯಂತ್ರಗಳಿಂದ ಹರಳುಗಟ್ಟಿಸುವ ಅವರ ವಿಧಾನಕ್ಕೆ ಶೇಕಡಾ 8ರಷ್ಟು ಮಾತ್ರ ನೈಟ್ರೇಟ್ ಇರುವ ಕಲಿಚೆಯೂ ಸಾಕಾಗುತ್ತಿತ್ತು. 1926ರಲ್ಲಿ ಅವರು ಕಟ್ಟಿದ ಮರಿಯಾ ಎಲೆನಾ ಊರಿನ ನಕ್ಷೆ ಬ್ರಿಟಿಷ್ ಬಾವುಟದ ಗೆರೆಗಳಂತೆ ನಡುಚೌಕದಿಂದ ಎಂಟೂ ದಿಕ್ಕಿಗೆ ಹೊರಡುತ್ತದೆ. ಅಲ್ಲಿ ಇಂದಿಗೂ ಜನವಸತಿ ಇದೆ. ಎರಡನೆಯದು ಉಳಿದಿದ್ದ ಹಳೆಯ ಒಫಿಸಿನಾಗಳನ್ನು ಒಗ್ಗೂಡಿಸುವ ದಾರಿ. 1931ರಲ್ಲಿ ಸರ್ಕಾರವೂ ಕಂಪನಿಗಳೂ ಸೇರಿ ರಚಿಸಿದ ಬೃಹತ್ ಸಂಸ್ಥೆ ಎರಡೇ ವರ್ಷಗಳಲ್ಲಿ ಮುರಿದುಬಿತ್ತು. 1934ರಲ್ಲಿ ಕೊಸಟಾನ್ ಎಂಬ ಹೊಸ ಕಂಪನಿ ಲಾ ಪಾಲ್ಮಾ ಮತ್ತು ಸಾಂಟಾ ಲೌರಾಗಳನ್ನು ವಹಿಸಿಕೊಂಡಿತು, ಲಾ ಪಾಲ್ಮಾವನ್ನು ನವೀಕರಿಸಿ ಅದಕ್ಕೆ ಸಾಂಟಿಯಾಗೊ ಹಂಬರ್‌ಸ್ಟೋನ್ ಎಂದು ಹೆಸರಿಟ್ಟಿತು. ಷ್ಯಾಂಕ್ಸ್ ವಿಧಾನವನ್ನು ತಂದ ಆ ರಸಾಯನಜ್ಞ ಆಗ 80 ದಾಟಿದ್ದ, 1939ರಲ್ಲಿ ತೀರಿಕೊಂಡ. ಒಂದು ವಿಧಾನ ಹಳತಾದ ಮೇಲೆ ಅದನ್ನು ತಂದವನ ಹೆಸರು ಊರಿಗೆ ಬಂತೆನ್ನಬೇಕು.

ನಾಟಕಶಾಲೆ, ಈಜುಕೊಳಗಳ ಪ್ರಶ್ನೆಗೆ ಉತ್ತರ ಇಲ್ಲಿದೆ. 1930ರ ದಶಕದ ಕಂಪನಿಯ ಎದುರಿಗಿದ್ದ ಕೆಲಸಗಾರ ಎಂಗಾಂಚೆಯಲ್ಲಿ ಬಂದಿಳಿದ ಅಸಹಾಯಕ ಆಳಲ್ಲ. ಅವನಿಗೆ ಸಂಘವಿತ್ತು, ಮತವಿತ್ತು, ಅವನ ಬೆನ್ನಿಗೆ ಕಾನೂನಿತ್ತು. ಬಿಕ್ಕಟ್ಟಿನಲ್ಲಿ ಹತ್ತಾರು ಒಫಿಸಿನಾಗಳು ಮುಚ್ಚಿ ಜನ ದಕ್ಷಿಣಕ್ಕೆ ಚದುರಿದ್ದರು. ಉಳಿದ ಕೆಲವೇ ಘಟಕಗಳನ್ನು ತಡೆಯಿಲ್ಲದೆ ನಡೆಸಬೇಕಾದರೆ ಅನುಭವಸ್ಥ ಕೆಲಸಗಾರ ಸಂಸಾರ ಸಮೇತ ನೆಲೆಸಬೇಕು. ಬಿಲ್ಲೆಯಿಂದ ಕಟ್ಟಿಹಾಕುವುದು ಸಾಧ್ಯವಿಲ್ಲದಿದ್ದಾಗ ಶಾಲೆ, ಸಿನಿಮಾ, ಫುಟ್‌ಬಾಲ್ ಮೈದಾನಗಳಿಂದ ಹಿಡಿದಿಟ್ಟುಕೊಳ್ಳಬೇಕಾಯಿತು. ಔದಾರ್ಯ ಅದರಲ್ಲಿ ಬೆರೆತಿರಲಿಲ್ಲವೆಂದು ಹೇಳಲಾರೆ, ಆದರೆ 1907ರ ಶಾಲೆಯಂಗಳವನ್ನು ಮರೆತು ಈ ಚೌಕವನ್ನು ವಿವರಿಸಲು ಆಗುವುದಿಲ್ಲ. 1940ರ ದಶಕದಲ್ಲಿ ಹಂಬರ್‌ಸ್ಟೋನಿನಲ್ಲಿ ಮೂರೂವರೆ ಸಾವಿರದಷ್ಟು ಜನರಿದ್ದರು. ಮೇಲುಕೀಳು ಊರಿನ ನಕ್ಷೆಯಲ್ಲೇ ಬರೆದಿತ್ತು: ಅಗಲವಾದ ಜಗಲಿಯ ಆಡಳಿತಾಧಿಕಾರಿಯ ಮನೆ, ಅದರಾಚೆಗೆ ಕಚೇರಿ ನೌಕರರ ಮನೆಗಳು, ಸಂಸಾರವಂದಿಗರ ಸಾಲುಮನೆಗಳು, ಒಂಟಿ ಗಂಡಸರ ಒತ್ತೊತ್ತಾದ ಕೋಣೆಗಳು. ಹೀಗಿದ್ದರೂ ಇಲ್ಲಿ ಬೆಳೆದವರು ತಮ್ಮನ್ನು ಪಂಪಿನೊ, ಅಂದರೆ ಬಯಲಿನವರು, ಎಂದು ಹೆಮ್ಮೆಯಿಂದ ಕರೆದುಕೊಳ್ಳುತ್ತಾರೆ; ಊರು ಖಾಲಿಯಾಗಿ ದಶಕಗಳು ಕಳೆದರೂ ಅವರೂ ಅವರ ಮಕ್ಕಳೂ ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಅಲ್ಲಿ ಸೇರುತ್ತಾರೆ. ಶೋಷಣೆಯ ಇತಿಹಾಸವನ್ನಷ್ಟೇ ಓದಿದವರಿಗೆ ಈ ಮಮತೆ ಒಗಟಾಗಿ ತೋರಬಹುದು. ಇಂದು ಜೀವಂತವಾಗಿ ಉಳಿದಿರುವ ನೆನಪು ಬಹುಮಟ್ಟಿಗೆ ಈ ಎರಡನೆಯ ಕಾಲದ್ದು, ಬಿಲ್ಲೆಯ ಕಾಲದ್ದಲ್ಲ ಎಂಬುದನ್ನು ಗಮನಿಸಿದರೆ ಒಗಟು ಅರ್ಧ ಬಿಡಿಸಿದಂತೆ.

ಷ್ಯಾಂಕ್ಸ್ ವಿಧಾನದ ಖರ್ಚಿನಲ್ಲಿ ಅಮೋನಿಯಾ ಕಾರ್ಖಾನೆಗಳೊಡನೆ ಸ್ಪರ್ಧಿಸುವುದು ಹೆಚ್ಚು ದಿನ ಸಾಧ್ಯವಿರಲಿಲ್ಲ. 1960ರಲ್ಲಿ ಹಂಬರ್‌ಸ್ಟೋನ್ ನಿಂತಿತು. ಆಮೇಲೆ ಅದು ಗುಜರಿಯ ಲೆಕ್ಕದಲ್ಲಿ ಹರಾಜಾಯಿತು. ಯಂತ್ರಗಳು, ಹಳಿಗಳು, ಮರದ ತೊಲೆಗಳು ಒಂದೊಂದಾಗಿ ಹೊರಟವು. ಬೇರೆ ಹಲವು ಒಫಿಸಿನಾಗಳಲ್ಲಿ ಮಡ್ಡಿಯ ಗುಡ್ಡ ಮತ್ತು ಸ್ಮಶಾನ ಬಿಟ್ಟು ಏನೂ ಉಳಿಯಲಿಲ್ಲ. ದಕ್ಷಿಣದ ಚಕಾಬುಕೊ ಎಂಬ ಒಫಿಸಿನಾ 1973ರ ಸೇನಾದಂಗೆಯ ನಂತರ ರಾಜಕೀಯ ಕೈದಿಗಳ ಶಿಬಿರವಾಯಿತು. ಸುತ್ತ ದಾಟಲಾಗದ ಬಯಲಿರುವ, ಕಟ್ಟಡಗಳು ಸಿದ್ಧವಾಗಿರುವ ಜಾಗ ಸೇನಾಡಳಿತಕ್ಕೂ ಅನುಕೂಲವೆನಿಸಿತು. ಹಂಬರ್‌ಸ್ಟೋನ್ ಮತ್ತು ಸಾಂಟಾ ಲೌರಾಗಳನ್ನು 1970ರಲ್ಲಿ ರಾಷ್ಟ್ರೀಯ ಸ್ಮಾರಕಗಳೆಂದು ಘೋಷಿಸಿದ್ದರೂ ಲೂಟಿ ನಿಲ್ಲಲಿಲ್ಲ. 2002ರಲ್ಲಿ ಹಳೆಯ ಪಂಪಿನೊಗಳೂ ಸೇರಿದ್ದ ನೈಟ್ರೇಟ್ ವಸ್ತುಸಂಗ್ರಹಾಲಯ ಸಂಸ್ಥೆ ಆ ಜಾಗವನ್ನು ತನ್ನದಾಗಿಸಿಕೊಂಡ ಮೇಲೆ ದುರಸ್ತಿ ಶುರುವಾಯಿತು. 2005ರ ಜೂನಿನಲ್ಲಿ ತರಪಕಾದಲ್ಲಿ ದೊಡ್ಡ ಭೂಕಂಪವಾಯಿತು. ಮುಂದಿನ ತಿಂಗಳೇ ಯುನೆಸ್ಕೊ ಎರಡೂ ಊರುಗಳನ್ನು ವಿಶ್ವ ಪರಂಪರೆಯ ಪಟ್ಟಿಗೂ, ಅದೇ ಬೀಸಿನಲ್ಲಿ ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೂ ಸೇರಿಸಿತು. ಅಪಾಯದ ಪಟ್ಟಿಯಿಂದ ಹೊರಬರಲು 2019ರವರೆಗೆ ಕಾಯಬೇಕಾಯಿತು. ಷ್ಯಾಂಕ್ಸ್ ತೊಟ್ಟಿಗಳ ಸಾಲನ್ನು ಪೂರ್ತಿಯಾಗಿ ನೋಡಬೇಕೆಂದರೆ ಹಂಬರ್‌ಸ್ಟೋನಿಗಿಂತ ಸಾಂಟಾ ಲೌರಾಕ್ಕೆ ಹೋಗಬೇಕು, ಊರಿನ ಬದುಕಿನ ಕುರುಹು ಹಂಬರ್‌ಸ್ಟೋನಿನಲ್ಲಿದೆ, ಕಾರ್ಖಾನೆಯ ಕುರುಹು ಸಾಂಟಾ ಲೌರಾದಲ್ಲಿದೆ.

ಅಟಕಾಮಾದಲ್ಲಿ ಗಣಿಗಾರಿಕೆ ನಿಂತಿಲ್ಲ. ಕಲಿಚೆಯಲ್ಲಿ ಹಿಂದೆ ಉಪಉತ್ಪನ್ನವಾಗಿದ್ದ ಅಯೋಡಿನ್ ಈಗ ಮುಖ್ಯ ಸರಕು, ಜಗತ್ತಿನ ಅಯೋಡಿನ್ ಪೂರೈಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಚಿಲಿಯದು. ತಾಮ್ರ ಮತ್ತು ಲಿಥಿಯಂ ಅದಕ್ಕಿಂತ ದೊಡ್ಡ ವ್ಯವಹಾರಗಳು. ಬಹುಮಟ್ಟಿಗೆ ಇಲ್ಲದಂತಾಗಿರುವುದು ಕಂಪನಿ ಕಟ್ಟಿ ನಡೆಸುವ ಊರು. 1915ರಿಂದ ತಾಮ್ರ ತೆಗೆಯುತ್ತಿರುವ ಚುಕಿಕಮಾಟಾದ ಗಣಿಗೆ ಅಂಟಿಕೊಂಡಿದ್ದ ದೊಡ್ಡ ವಸತಿಯನ್ನು, ಧೂಳು ಮತ್ತು ವಿಷಾನಿಲದ ಕಾರಣಕ್ಕೂ ತ್ಯಾಜ್ಯ ಸುರಿಯಲು ಜಾಗ ಬೇಕಾದ ಕಾರಣಕ್ಕೂ, 2000ರ ದಶಕದಲ್ಲಿ ಖಾಲಿ ಮಾಡಿಸಿ ಕುಟುಂಬಗಳನ್ನು ಹತ್ತಿರದ ಕಲಾಮಾ ನಗರಕ್ಕೆ ಸ್ಥಳಾಂತರಿಸಲಾಯಿತು. ಈಗಿನ ಗಣಿಗಳಲ್ಲಿ ಹೆಚ್ಚಿನವರು ಪಾಳಿಯ ಮೇಲೆ ಬರುತ್ತಾರೆ: ಏಳು ದಿನ ಗಣಿಯ ಶಿಬಿರದಲ್ಲಿ ಕೆಲಸ, ಏಳು ದಿನ ಇಕೀಕೆ, ಅಂಟೊಫಗಾಸ್ಟಾ ಅಥವಾ ವಿಮಾನ ಹಿಡಿದು ಹೋಗುವಷ್ಟು ದೂರದ ಊರಿನ ಮನೆಯಲ್ಲಿ ಬಿಡುವು. ಊಟ, ನೀರು, ಹಾಸಿಗೆ ಆ ಏಳು ದಿನಗಳ ಮಟ್ಟಿಗೆ ಈಗಲೂ ಕಂಪನಿಯದೇ. ಶಾಲೆ, ಅಂಗಡಿ, ಸಂಸಾರಗಳ ಹೊಣೆ ಮಾತ್ರ ನಗರಕ್ಕೆ ಸೇರಿದೆ.